4.10 ತೆಗೆದು 3.08: ನನ್ನ ಪಿಕಪ್‌ನ ಹಿಂದಿನ ಗೇರ್ ಬದಲಿಸಿದ್ದು

ನನ್ನದು 1994ರ ಫೋರ್ಡ್ ಎಫ್-150 ಪಿಕಪ್. ಸಾಲಾಗಿ ಆರು ಸಿಲಿಂಡರ್ ಇರುವ 4.9 ಲೀಟರ್ ಪೆಟ್ರೋಲ್ ಎಂಜಿನ್, 5 ಸ್ಪೀಡ್ ಮ್ಯಾನುಯಲ್ ಗೇರ್‌ಬಾಕ್ಸ್, ಹಿಂದಿನ ಚಕ್ರಗಳಿಗೆ ಮಾತ್ರ ಡ್ರೈವ್. ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ನಾನಿರುವುದು. ಗಾಡಿಯನ್ನು ಇಲ್ಲಿಯ ರೈತರೊಬ್ಬರಿಂದ ಕೊಂಡೆ. ದನ ಸಾಗಿಸುವ ಟ್ರೈಲರ್ ಎಳೆಯಲು ಅವರು ಹಿಂದಿನ ಆಕ್ಸಲ್‌ಗೆ 4.10ರ ಕ್ರೌನ್-ಪಿನಿಯನ್ (ಎಂಜಿನ್ನಿನ ತಿರುಗಾಟವನ್ನು ಚಕ್ರಗಳಿಗೆ ದಾಟಿಸುವ ಗೇರ್ ಜೋಡಿ) ಹಾಕಿಸಿದ್ದರು. ನಾನು ಟ್ರೈಲರ್ ಎಳೆಯುವವನಲ್ಲ. ನನ್ನ ಓಡಾಟವೆಲ್ಲ ಐ-135 ಹೆದ್ದಾರಿಯಲ್ಲಿ, ವಿಚಿಟಾದಿಂದ ಸಲೈನಾಗೆ. ಒಂದು ಕಡೆಗೇ ಸುಮಾರು 90 ಮೈಲಿ. ಹಿಂದೆ ಸಾಮಾನೂ ಜಾಸ್ತಿ ಇರುವುದಿಲ್ಲ.

4.10 ಅಂದರೆ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ 4.10 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಶಾಫ್ಟಿನ ತುದಿಯ ಸಣ್ಣ ಗೇರ್ ಪಿನಿಯನ್‌ನಲ್ಲಿ 10 ಹಲ್ಲು, ಅದು ತಿರುಗಿಸುವ ದೊಡ್ಡ ಗೇರ್ ಕ್ರೌನ್‌ನಲ್ಲಿ 41. ನಾನು ಹಾಕಿದ 3.08ರಲ್ಲಿ 13 ಮತ್ತು 40. ನನ್ನ 235/75 ಆರ್15 ಟೈರ್‌ಗಳಿಗೆ ಲೆಕ್ಕ ಹಾಕಿದರೆ, ಗಂಟೆಗೆ 70 ಮೈಲಿ ವೇಗದಲ್ಲಿ 5ನೇ ಗೇರಿನಲ್ಲಿ ಮೊದಲು ಎಂಜಿನ್ 2670 ಆರ್‌ಪಿಎಮ್‌ನಲ್ಲಿ (ನಿಮಿಷಕ್ಕೆ ಇಷ್ಟು ಸುತ್ತು) ಕೂಗುತ್ತಿತ್ತು. ಈಗ ಹತ್ತಿರಹತ್ತಿರ 2000. ಈ ಎಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) ಪೂರ್ತಿ ಸಿಗುವುದೂ 2000ದ ಆಸುಪಾಸಿನಲ್ಲೇ. ಇಷ್ಟು ಹೊಂದಿಕೆ ಇಲ್ಲದಿದ್ದರೆ ನಾನು ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ.

ತಿಪಟೂರಿನಲ್ಲಿ ನಮ್ಮ ಸೋದರಮಾವ ಕೊಬ್ಬರಿ ಲೋಡಿನ ಲಾರಿ ಓಡಿಸಿದವರು. ಫೋನಿನಲ್ಲಿ ವಿಷಯ ಹೇಳಿದೆ. “ಮೊದಲು ಒಂದು ಹೇಳು, ನಿನ್ನ ಗಾಡಿ ಎಳೀಬೇಕೋ ಓಡಬೇಕೋ?” ಅಂದರು. “ಓಡಬೇಕು ಮಾವ.” “ಹಂಗಾದ್ರೆ ಬದಲಾಯಿಸು. ಆಮೇಲೆ ಯಾರಾದ್ರೂ ಲೋಡ್ ಹಾಕ್ತೀನಿ ಅಂದ್ರೆ ಒಪ್ಕೋಬೇಡ.” ಪುಸ್ತಕಗಳಲ್ಲಿ ಪುಟಗಟ್ಟಲೆ ಬರೆದಿರುವುದು ಇಷ್ಟೇ: ಅಂಕಿ ದೊಡ್ಡದಾದರೆ ಎಳೆಯುವ ಬಲ, ಚಿಕ್ಕದಾದರೆ ನಿರಾಳ ಓಟ.

ಎಂಜಿನ್ ಕಡಿಮೆ ತಿರುಗಿದರೆ ಪೆಟ್ರೋಲ್ ಅಷ್ಟೇ ಕಡಿಮೆ ಆಗುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ನನ್ನ ಆರ್‌ಪಿಎಮ್ ಶೇಕಡ 25ರಷ್ಟು ಇಳಿಯಿತು, ಪೆಟ್ರೋಲ್ ಖರ್ಚು ಅದರ ಅರ್ಧದಷ್ಟೂ ಇಳಿಯಲಿಲ್ಲ. 70 ಮೈಲಿ ವೇಗದಲ್ಲಿ ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಯಾವ ಗೇರ್ ಇದ್ದರೂ ಅಷ್ಟೇ ಬೇಕು. ಉಳಿಯುವುದು ಎರಡು ಕಡೆ. ಒಂದು, ಎಂಜಿನ್ನಿನ ಒಳಗಿನ ಉಜ್ಜಾಟ. ಸುತ್ತು ಕಡಿಮೆಯಾದರೆ ಅದೂ ಕಡಿಮೆ. ಇನ್ನೊಂದು ಥ್ರಾಟಲ್, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯ ಬಾಗಿಲು. ಪೆಟ್ರೋಲ್ ಎಂಜಿನ್ ಅರ್ಧ ಮುಚ್ಚಿದ ಥ್ರಾಟಲ್ ಮೂಲಕ ಗಾಳಿ ಎಳೆಯುವುದು, ಎಳನೀರಿನ ಸ್ಟ್ರಾವನ್ನು ಬೆರಳಲ್ಲಿ ಅಮುಕಿ ಹಿಡಿದುಕೊಂಡು ಹೀರಿದ ಹಾಗೆ. ಸುಮ್ನೆ ಶ್ರಮ. ಆರ್‌ಪಿಎಮ್ ಇಳಿದಾಗ ಅದೇ ಶಕ್ತಿಗೆ ಥ್ರಾಟಲ್ ಇನ್ನಷ್ಟು ತೆರೆಯಬೇಕಾಗುತ್ತದೆ. ಆಗ ಈ ಹೀರುವ ಶ್ರಮ ತಗ್ಗುತ್ತದೆ. ಡೀಸೆಲ್ ಎಂಜಿನ್ನಿಗೆ ಈ ರೀತಿ ಥ್ರಾಟಲ್ ಕಟ್ಟಿಹಾಕುವುದಿಲ್ಲ. ಅದಕ್ಕೇ ಅಲ್ಲಿ ಉಳಿತಾಯ ಮುಖ್ಯವಾಗಿ ಉಜ್ಜಾಟದ್ದು ಮಾತ್ರ.

ಗಾಡಿಯಲ್ಲಿ ಯಾವ ರೇಶಿಯೋ (4.10, 3.08ರಂಥ ಅಂಕಿ) ಇದೆ ಅಂತ ತಿಳಿಯಲು ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ನೋಡಿದರೆ ಸಾಕು ಅಂತಾರೆ. ಆ ಆಕ್ಸಲ್ ಕೋಡ್ ಫ್ಯಾಕ್ಟರಿಯಿಂದ ಬಂದಾಗಿನದು. ಆಮೇಲೆ ಯಾರು ಏನು ಬದಲಿಸಿದರು ಅಂತ ಅದಕ್ಕೇನು ಗೊತ್ತು! ಹಿಂದಿನ ಆಕ್ಸಲ್ ನಡುವೆ ಈ ಗೇರ್‌ಗಳಿರುವ ಡಿಫರೆನ್ಷಿಯಲ್‌ನ ಮುಚ್ಚಳದ ಬೋಲ್ಟಿಗೆ ಸಿಕ್ಕಿಸಿದ ಸಣ್ಣ ತಗಡಿನ ಪಟ್ಟಿಯದೂ ಅದೇ ಕಥೆ. ನಾನು ಎಣಿಸಿಯೇ ನೋಡಿದೆ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಒಂದು ಚಕ್ರ ಮಾತ್ರ ಎತ್ತಬೇಕು. ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ತಿರುಗಿತು ಎಂದು ನೋಡಬೇಕು. ಲಿಮಿಟೆಡ್ ಸ್ಲಿಪ್ (ಎರಡು ಚಕ್ರಗಳು ಬೇರೆ ಬೇರೆ ತಿರುಗುವುದನ್ನು ತಡೆಯುವ ವ್ಯವಸ್ಥೆ) ಇಲ್ಲದ ಮಾಮೂಲಿ ಡಿಫರೆನ್ಷಿಯಲ್ ಆದರೆ ಆ ಸುತ್ತುಗಳ ಸಂಖ್ಯೆಯೇ ರೇಶಿಯೋ. ನಾಲ್ಕು ಸುತ್ತು ದಾಟಿ ಸ್ವಲ್ಪ ಬಂತು. 4.10 ಖಾತ್ರಿ.

ಗೇರ್ ಸಿಕ್ಕಿದ್ದು ಅಗ್ಗಕ್ಕೆ. ಅದಕ್ಕೆ ಮಸ್ಟ್ಯಾಂಗ್ ಹುಡುಗರಿಗೆ ಥ್ಯಾಂಕ್ಸ್. ನನ್ನ ಪಿಕಪ್‌ನಲ್ಲಿರುವುದು ಫೋರ್ಡಿನ 8.8 ಇಂಚಿನ (ಕ್ರೌನ್‌ನ ಅಗಲ) ಆಕ್ಸಲ್. 80-90ರ ದಶಕದ 5.0 ಲೀಟರ್ ಮಸ್ಟ್ಯಾಂಗ್ ಕಾರುಗಳಲ್ಲಿಯೂ ಇದೇ 8.8. ಆ ಹುಡುಗರಿಗೆ ಸಿಗ್ನಲ್ ಬಿಟ್ಟ ಕೂಡಲೇ ಹಾರಬೇಕು. 2.73, 3.08 ತೆಗೆದು 3.73, 4.10 ಹಾಕಿಸುತ್ತಾರೆ. ತೆಗೆದ ಜೋಡಿ ಅವರ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿರುತ್ತದೆ. ನಾನು 75 ಡಾಲರ್ ಕೊಟ್ಟು 3.08 ಜೋಡಿ ತಂದೆ. ಈ 8.8ರ ಇನ್ನೊಂದು ಅನುಕೂಲ, ಕ್ರೌನನ್ನು ಹೊತ್ತು ತಿರುಗುವ ಹಳೇ ಕ್ಯಾರಿಯರ್ ಮೇಲೆಯೇ ಹೊಸ ಕ್ರೌನ್ ಕೂರುತ್ತದೆ. ಡಾನಾ 44 ಥರದ ಆಕ್ಸಲ್‌ಗಳಲ್ಲಿ ರೇಶಿಯೋ ಒಂದು ಮಟ್ಟ ದಾಟಿದರೆ ಕ್ಯಾರಿಯರನ್ನೇ ಬದಲಿಸಬೇಕು. ಖರ್ಚು ಅಲ್ಲಿಗೇ ದುಪ್ಪಟ್ಟು. ಹಳೇ ಜೋಡಿ ಕೊಳ್ಳುವಾಗ ಕ್ರೌನ್ ಮತ್ತು ಪಿನಿಯನ್ ಒಟ್ಟಿಗೆ ಓಡಿದವೇ ಆಗಿರಬೇಕು. ಒಂದು ಅಲ್ಲಿಂದ, ಒಂದು ಇಲ್ಲಿಂದ ತಂದು ಜೋಡಿಸಿದರೆ ಶಬ್ದ ತಪ್ಪಿದ್ದಲ್ಲ.

ಬಿಚ್ಚುವ ಕೆಲಸ ಬೇಗ ಮುಗಿಯಿತು. ಆಕ್ಸಲ್‌ನ ಹೊರಕವಚ, ಅಂದರೆ ಹೌಸಿಂಗ್ ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ಮತ್ತು ಡ್ರಮ್ ತೆಗೆದು, ಹಿಂದಿನ ಮುಚ್ಚಳದ 10 ಬೋಲ್ಟ್ ಬಿಚ್ಚಿದರೆ ಗೇರ್ ಆಯಿಲ್ ಸುರಿಯುತ್ತದೆ. ಆ ವಾಸನೆ ಬಟ್ಟೆಗೆ ಹತ್ತಿದರೆ ಮನೆಯಲ್ಲಿ ಮಾತು ಕೇಳಲು ತಯಾರಾಗಿರಿ. ಒಳಗಡೆ ಕ್ರಾಸ್ ಪಿನ್ (ಡಿಫರೆನ್ಷಿಯಲ್ ನಡುವಿನ ಅಡ್ಡ ಕಡ್ಡಿ) ಹಿಡಿದಿರುವ ಒಂದು ಸಣ್ಣ ಬೋಲ್ಟ್ ಇದೆ. 8.8ರಲ್ಲಿ ಇದು ಮುರಿಯುವುದಕ್ಕೇ ಹೆಸರುವಾಸಿ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು, ಬೆಳಿಗ್ಗೆ ನಿಧಾನವಾಗಿ ಹಿಂದೆ ಮುಂದೆ ಆಡಿಸಿ ತೆಗೆದೆ. ಕ್ರಾಸ್ ಪಿನ್ ಹೊರಬಂದ ಮೇಲೆ ಆಕ್ಸಲ್ ಶಾಫ್ಟನ್ನು ಒಳಕ್ಕೆ ತಳ್ಳಿದರೆ ಅದನ್ನು ಹಿಡಿದಿರುವ ಸಿ-ಕ್ಲಿಪ್ ಉದುರುತ್ತದೆ, ಶಾಫ್ಟ್ ಹೊರಗೆ ಬರುತ್ತದೆ. ಬೇರಿಂಗ್ ಕ್ಯಾಪ್ ಎರಡಕ್ಕೂ ಪಂಚ್‌ನಿಂದ ಗುರುತು ಹಾಕಿದೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೇ ಹೋಗಬೇಕು. ಪಕ್ಕದ ಶಿಮ್‌ಗಳಿಗೂ (ಜಾಗ ಹೊಂದಿಸುವ ತೆಳು ಲೋಹದ ಬಳೆಗಳು) ಇದೇ ನಿಯಮ.

ಜೋಡಿಸುವುದರಲ್ಲೇ ಇರುವುದು ನಿಜವಾದ ಕೆಲಸ. ಇಲ್ಲಿ ಮೂರು ಲೆಕ್ಕ, ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗಾಡುತ್ತದೆ.

ಮೊದಲನೆಯದು ಪಿನಿಯನ್ ಎಷ್ಟು ಒಳಗೆ ಕೂರುತ್ತದೆ ಎನ್ನುವುದು. ಪಿನಿಯನ್ ತಲೆ ಮತ್ತು ಬೇರಿಂಗ್ ನಡುವಿನ ಶಿಮ್ ದಪ್ಪವಾದರೆ ಪಿನಿಯನ್ ಕ್ರೌನ್ ಕಡೆಗೆ ಸರಿಯುತ್ತದೆ. ಬೇರಿಂಗನ್ನು ಪ್ರತಿ ಸಲ ಪ್ರೆಸ್‌ನಲ್ಲಿ ಒತ್ತಿ, ಮತ್ತೆ ಕಿತ್ತು ನೋಡುವುದು ಆಗದ ಮಾತು. ಅದಕ್ಕೆ ಹಳೇ ಬೇರಿಂಗಿನ ಒಳಗಿನ ತೂತನ್ನು ಮರಳು ಕಾಗದದಿಂದ ಉಜ್ಜಿ, ಕೈಯಲ್ಲೇ ಜಾರಿ ಕೂರುವಂತೆ ಮಾಡಿಕೊಂಡೆ. ಅದನ್ನಿಟ್ಟು ಶಿಮ್ ಬದಲಿಸುತ್ತಾ ನೋಡಬಹುದು. ಕ್ರೌನ್ ಹಲ್ಲುಗಳಿಗೆ ಹಳದಿ ಬಣ್ಣದ ಪೇಸ್ಟ್ ಬಳಿದು, ಕ್ರೌನನ್ನು ಸ್ವಲ್ಪ ತಡೆಹಿಡಿದು ತಿರುಗಿಸಿದರೆ ಗುರುತು ಮೂಡುತ್ತದೆ. ಗುರುತು ಹಲ್ಲಿನ ಬುಡಕ್ಕೆ ಹೋದರೆ ಪಿನಿಯನ್ ಜಾಸ್ತಿ ಒಳಗಿದೆ, ಶಿಮ್ ತೆಳುವಾಗಬೇಕು. ತುದಿಗೆ ಹೋದರೆ ದಪ್ಪವಾಗಬೇಕು. ಓಡಿದ ಜೋಡಿಯಾದ್ದರಿಂದ ನನ್ನದರಲ್ಲಿ ಹಳೇ ಸವೆತದ ಹೊಳಪೂ ಇತ್ತು. ಹೊಸ ಗುರುತು ಆ ಹೊಳಪಿನ ಮೇಲೆಯೇ ಬಿದ್ದಾಗ ಶಿಮ್ ಸರಿಯಾಯಿತು ಎಂದುಕೊಂಡೆ.

ಎರಡನೆಯದು ಪಿನಿಯನ್ ಬೇರಿಂಗಿನ ಬಿಗಿ. ಎರಡು ಬೇರಿಂಗ್‌ಗಳ ನಡುವೆ ಕ್ರಶ್ ಸ್ಲೀವ್ ಅಂತ ಒಂದು ತೆಳು ಕೊಳವೆ. ನಟ್ ಬಿಗಿದಂತೆ ಅದು ಕುಗ್ಗುತ್ತದೆ. ಕುಗ್ಗಲು ಶುರುವಾಗುವವರೆಗೆ ಉದ್ದದ ಪೈಪ್ ಸಿಕ್ಕಿಸಿ ಮೈಯೆಲ್ಲ ಬಲ ಹಾಕಬೇಕು. ಶುರುವಾದ ಮೇಲೆ ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸಿ, ಅಳೆದು, ಮತ್ತೆ ತಿರುಗಿಸಬೇಕು. ಹೊಸ ಬೇರಿಂಗ್‌ಗಳಿಗೆ ಪಿನಿಯನ್ ತಿರುಗಿಸಲು ಬೇಕಾದ ಬಲ 16ರಿಂದ 29 ಇಂಚ್-ಪೌಂಡ್. ಇಲ್ಲಿ ಸೂಜಿ ಇರುವ ಟಾರ್ಕ್ ರೆಂಚ್ ಬೇಕು, ಟಕ್ ಅನ್ನುವ ಮಾದರಿಯದು ಕೆಲಸಕ್ಕೆ ಬಾರದು. ಮಿತಿ ದಾಟಿದರೆ ನಟ್ ಸಡಿಲಿಸಿ ಪ್ರಯೋಜನವಿಲ್ಲ, ಸ್ಲೀವ್ ಹೊಸದೇ ಬೇಕು. ಅದಕ್ಕೇ ಮೊದಲೇ ಎರಡು ತಂದಿಟ್ಟುಕೊಳ್ಳಿ. ಬೆಲೆ ಏನೂ ಅಲ್ಲ.

ಮೂರನೆಯದು ಹಲ್ಲುಗಳ ನಡುವಿನ ಪ್ಲೇ, ಅಂದರೆ ಸಡಿಲ. ಕ್ರೌನ್ ಹಲ್ಲಿಗೆ ಡಯಲ್ ಗೇಜ್ ತಾಗಿಸಿ, 0.25 ಮಿಲಿಮೀಟರ್ ಹತ್ತಿರ ಇಟ್ಟೆ. ಒಂದು ಪಕ್ಕದ ಶಿಮ್ ಎಷ್ಟು ಕಡಿಮೆ ಮಾಡುತ್ತೀರೋ ಇನ್ನೊಂದು ಪಕ್ಕಕ್ಕೆ ಅಷ್ಟೇ ಸೇರಿಸಬೇಕು. ಇಲ್ಲದಿದ್ದರೆ ಕ್ಯಾರಿಯರ್ ಬೇರಿಂಗಿನ ಬಿಗಿ ತಪ್ಪುತ್ತದೆ.

ಹೊಸ ಆಯಿಲ್ ಹಾಕಿ, ಮೊದಲ ದಿನ ಸ್ವಲ್ಪ ದೂರ ನಿಧಾನವಾಗಿ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟೆ. ಮೊದಲ 500 ಮೈಲಿ ಭಾರ ಹೇರಲಿಲ್ಲ. ಆಮೇಲೆ ಆಯಿಲ್ ಬದಲಿಸಿದೆ. ಆಕ್ಸಲರೇಟರ್ ಬಿಟ್ಟಾಗ ಸಣ್ಣದೊಂದು ಗುಂಯ್ ಶಬ್ದ ಇದೆ. ಬೇರೆ ಹೌಸಿಂಗಿನಲ್ಲಿ ಓಡಿದ ಜೋಡಿ ಅಲ್ವಾ, ಅಷ್ಟು ಇದ್ದೇ ಇರುತ್ತದೆ.

ಸ್ಪೀಡೋಮೀಟರ್ ಬಗ್ಗೆ ಒಂದು ಮಾತು. 1992ರಿಂದ ಈ ಪಿಕಪ್‌ಗಳಲ್ಲಿ ವೇಗದ ಸೆನ್ಸರ್ ಡಿಫರೆನ್ಷಿಯಲ್ ಮೇಲೇ ಇದೆ. ಕ್ಯಾರಿಯರ್ ಜೊತೆ ತಿರುಗುವ ಹಲ್ಲಿನ ಬಳೆಯನ್ನು ಅದು ಓದುತ್ತದೆ. ಅಂದರೆ ಚಕ್ರದ ಸುತ್ತನ್ನೇ ಎಣಿಸುತ್ತದೆ. ರೇಶಿಯೋ ಬದಲಾದರೂ ವೇಗ, ಮೈಲಿ ಎರಡೂ ಸರಿಯಾಗೇ ತೋರಿಸುತ್ತವೆ. ಗೇರ್‌ಬಾಕ್ಸಿನ ಹಿಂಬದಿಯಲ್ಲಿ ಸೆನ್ಸರ್ ಇರುವ ಗಾಡಿಗಳಲ್ಲಿ ಹೀಗಲ್ಲ. ಅಲ್ಲಿ 4.10ರಿಂದ 3.08ಕ್ಕೆ ಹೋದರೆ 100 ಮೈಲಿ ಓಡಿದ್ದಕ್ಕೆ 75 ಎಂದು ತೋರಿಸುತ್ತದೆ. ಮೈಲೇಜ್ ಬಿದ್ದೇ ಹೋಯಿತು ಎಂದು ಗಾಬರಿಯಾಗುವವರು ಮೊದಲು ಜಿಪಿಎಸ್ ಇಟ್ಟು ದೂರ ಹೋಲಿಸಿ ನೋಡಲಿ.

ಈಗ ಲೆಕ್ಕಕ್ಕೆ ಬರೋಣ. ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 15.5 ಮೈಲಿ ಕೊಡುತ್ತಿದ್ದದ್ದು ಈಗ 17.5ರ ಆಸುಪಾಸು. ನಮ್ಮೂರಿನ ಲೆಕ್ಕದಲ್ಲಿ ಲೀಟರಿಗೆ 6.6 ಕಿಲೋಮೀಟರಿಂದ 7.4. ಊರೊಳಗೆ ಏನೇನೂ ವ್ಯತ್ಯಾಸವಿಲ್ಲ. ವರ್ಷಕ್ಕೆ 10,000 ಮೈಲಿ ಹೆದ್ದಾರಿಯಲ್ಲಿ ಓಡಿಸಿದರೆ 74 ಗ್ಯಾಲನ್ ಉಳಿಯುತ್ತದೆ. ಗ್ಯಾಲನ್ನಿಗೆ 3 ಡಾಲರ್ ಹಿಡಿದರೆ ಸುಮಾರು 220 ಡಾಲರ್. ಗೇರ್, ಬೇರಿಂಗ್, ಸೀಲ್, ಆಯಿಲ್, ಡಯಲ್ ಗೇಜ್, ಟಾರ್ಕ್ ರೆಂಚ್ ಎಲ್ಲ ಸೇರಿ ನನಗೆ ಬಿದ್ದದ್ದು 325 ಡಾಲರ್ ಹತ್ತಿರ. ಒಂದೂವರೆ ವರ್ಷದಲ್ಲಿ ವಾಪಸ್. ವರ್ಕ್‌ಶಾಪಿಗೆ ಕೊಟ್ಟು ಕೂಲಿಯೂ ಸೇರಿದರೆ ಈ ಲೆಕ್ಕ ಎಲ್ಲಿಗೋ ಹೋಗುತ್ತದೆ. ಜಂಕ್‌ಯಾರ್ಡಿನಲ್ಲಿ ಇದೇ ಮಾದರಿಯ 3.08 ಆಕ್ಸಲ್ ಇಡಿಯಾಗಿ ಸಿಕ್ಕಿದರೆ ಅದನ್ನೇ ಕಟ್ಟಿಬಿಡುವುದು ಇನ್ನೂ ಸುಲಭ, ಶಿಮ್-ಗಿಮ್ ತಲೆನೋವೇ ಇಲ್ಲ. ನನ್ನ ಹೌಸಿಂಗಿನಲ್ಲಿ ಬ್ರೇಕ್ ಎಲ್ಲ ಹೊಸದಿದ್ದವು, ಅದಕ್ಕೆ ಆ ದಾರಿ ಹಿಡಿಯಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಗೇರ್ ಮುಟ್ಟುವ ಮೊದಲು ಕೆಲವು ವಾರ 70ರ ಬದಲು 62ರಲ್ಲಿ ಓಡಿಸಿ ನೋಡಿದ್ದೆ. ಹೆಚ್ಚುಕಡಿಮೆ ಇಷ್ಟೇ ಉಳಿದಿತ್ತು, ಒಂದು ಡಾಲರ್ ಖರ್ಚಿಲ್ಲದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 62ಕ್ಕಿಂತ 70ರಲ್ಲಿ ಅದು ಶೇಕಡ 27ರಷ್ಟು ಜಾಸ್ತಿ. ಆದರೆ 75ರ ಮಿತಿ ಇರುವ ರಸ್ತೆಯಲ್ಲಿ ಹಿಂದೆ ಬಂದ ಲಾರಿಗಳು ಕನ್ನಡಿಯ ತುಂಬ ತುಂಬಿಕೊಂಡಾಗ 62ರಲ್ಲಿ ಇರುವುದಕ್ಕೆ ಗಟ್ಟಿ ಮನಸ್ಸು ಬೇಕು.

ಕಳೆದುಕೊಂಡದ್ದೂ ಇದೆ. 1ನೇ ಗೇರ್ 3.90. ಅದನ್ನು ಹಿಂದಿನ ಗೇರಿನಿಂದ ಗುಣಿಸಿದರೆ ಮೊದಲು 16 ಬರುತ್ತಿತ್ತು, ಈಗ 12. ಏರಿನಲ್ಲಿ ಭಾರ ಹೊತ್ತು ಹೊರಡುವಾಗ ಕ್ಲಚ್ ಸ್ವಲ್ಪ ಜಾಸ್ತಿ ಜಾರಿಸಬೇಕು. 50 ಮೈಲಿ ದಾಟದೆ 5ನೇ ಗೇರಿಗೆ ಹಾಕಿದರೆ ಎಂಜಿನ್ ಅದುರುತ್ತದೆ.

ಕ್ಯಾನ್ಸಸ್‌ನ ಎದುರುಗಾಳಿ ಜೋರಾಗಿದ್ದ ದಿನ ನಾನು 4ನೇ ಗೇರಿನಲ್ಲೇ ಇರುತ್ತೇನೆ. ನಷ್ಟವೇನಿಲ್ಲ. ಹಳೇ 5ನೇ ಗೇರಿನ ಒಟ್ಟು ರೇಶಿಯೋ 3.28 ಇತ್ತು, ಈಗಿನ 4ನೆಯದು 3.08. ಎರಡೂ ಹತ್ತಿರಹತ್ತಿರ ಒಂದೇ. ಅಂದರೆ ನನ್ನ ಹಳೇ ಟಾಪ್ ಗೇರ್ ಎಲ್ಲೂ ಹೋಗಿಲ್ಲ, 4ನೆಯದಾಗಿ ಉಳಿದಿದೆ. ಅದರ ಮೇಲೆ ಸಮತಟ್ಟು ರಸ್ತೆಗೆಂದೇ ಇನ್ನೊಂದು ಗೇರ್ ಸೇರಿದೆ.

ನಿಮ್ಮದು ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಆಕ್ಸಲ್‌ನ ರೇಶಿಯೋವನ್ನೂ ಬದಲಿಸಲೇಬೇಕು. ಖರ್ಚು ಎರಡರಷ್ಟು, ನಾನಂತೂ ಬೇಡ ಅಂತೀನಿ. 10 ಸ್ಪೀಡಿನ ಹೊಸ ಆಟೋಮ್ಯಾಟಿಕ್ ಪಿಕಪ್‌ಗಳಲ್ಲಿ ಟಾಪ್ ಗೇರ್ ಆಗಲೇ ಬೇಕಾದಷ್ಟು ಉದ್ದವಿದೆ. ಅಲ್ಲಿ ಇದಕ್ಕೆ ಕೈ ಹಾಕುವ ಬದಲು ಟೈರಿನ ಗಾಳಿ ನೋಡಿಕೊಳ್ಳಿ.