ಕೋಳಿ ಕಾವಿಗೆ ಕೂತಿದೆಯಾ? ಆ 21 ದಿನ ಹೀಗೆ ನೋಡಿಕೊಳ್ಳಿ

ಮೊಟ್ಟೆ ತೆಗೆಯೋಕೆ ಕೈ ಹಾಕಿದರೆ ಹೇಂಟೆ ಪುಕ್ಕ ಕೆದರಿಕೊಂಡು ಕುಕ್ಕೋಕೆ ಬರುತ್ತಿದೆ, ರಾತ್ರಿಯೂ ಗೂಡು ಬಿಟ್ಟು ಏಳುತ್ತಿಲ್ಲ ಅಂದರೆ ಅದು ಕಾವಿಗೆ ಬಂದಿದೆ. ಎದೆಯ ಕೆಳಗೆ ಬೆರಳಿಟ್ಟು ನೋಡಿ. ಪುಕ್ಕ ಉದುರಿ ಬರೀ ಚರ್ಮ ಬಿಸಿಬಿಸಿಯಾಗಿ ತಾಗುತ್ತದೆ. ಆದರೂ ಅವತ್ತೇ ಮೊಟ್ಟೆ ಇಡಬೇಡಿ. ಎರಡು ದಿನ ಹಳೇ ಮೊಟ್ಟೆಯನ್ನೋ ನುಣುಪಾದ ಕಲ್ಲನ್ನೋ ಇಟ್ಟು ನೋಡಿ, ಆಗಲೂ ಅಲ್ಲಾಡದೆ ಕೂತರೆ ನಂಬಬಹುದು.

ಜಾಗ ಸ್ವಲ್ಪ ಕತ್ತಲಿರಲಿ, ಬೇರೆ ಕೋಳಿಗಳ ಗಲಾಟೆ ಬೇಡ. ಅಗಲವಾದ ಬುಟ್ಟಿಗೆ ಒಣಹುಲ್ಲು ಹಾಸಿ, ನಡುವೆ ಕೈಯಿಂದ ಒತ್ತಿ ಸ್ವಲ್ಪ ತಗ್ಗು ಮಾಡಿ. ಹೇಂಟೆಯನ್ನು ಅಲ್ಲಿಗೆ ರಾತ್ರಿ ಹೊತ್ತೇ ಸಾಗಿಸಿ, ಹಗಲಲ್ಲಿ ಸಾಗಿಸಿದರೆ ಹಳೇ ಗೂಡಿಗೇ ಓಡುತ್ತದೆ.

ಹುಂಜದ ಜೊತೆ ಇರುವ ಕೋಳಿಯ ಮೊಟ್ಟೆಯೇ ಆಗಬೇಕು, ಇಟ್ಟು ವಾರ ದಾಟಿರಬಾರದು. ಗಲೀಜಾದದ್ದನ್ನು ಬಿಟ್ಟುಬಿಡಿ, ತೊಳೆಯೋಕೆ ಹೋಗಬೇಡಿ. ಚಿಪ್ಪಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಅದರ ಮೇಲಿನ ತೆಳು ಲೇಪ ಹೋದರೆ ಸೋಂಕು ಸಲೀಸಾಗಿ ಒಳಗೆ ಇಳಿಯುತ್ತದೆ. 10-12 ಮೊಟ್ಟೆ ಸಾಕು. ರೆಕ್ಕೆಯಿಂದ ಆಚೆ ಒಂದು ಇಣುಕಿದರೂ ಜಾಸ್ತಿ ಆಯಿತು ಅಂತಲೇ ಲೆಕ್ಕ, ಯಾಕೆಂದರೆ ಹೇಂಟೆ ಮೊಟ್ಟೆಗಳನ್ನು ಹೊರಳಿಸುತ್ತಾ ಜಾಗ ಬದಲಿಸುತ್ತಲೇ ಇರುತ್ತದೆ, ಇವತ್ತು ಒಂದು ತಣ್ಣಗಾದರೆ ನಾಳೆ ಇನ್ನೊಂದು. ಎಲ್ಲವನ್ನೂ ಒಂದೇ ದಿನ ಇಡಿ. ಪೆನ್ಸಿಲ್‌ನಲ್ಲಿ ಗುರುತು ಹಾಕಿದರೆ ಬೇರೆ ಕೋಳಿ ಬಂದು ಇಟ್ಟು ಹೋದ ಮೊಟ್ಟೆ ಗೊತ್ತಾಗುತ್ತದೆ.

ಆಮೇಲೆ ಕೆಲಸ ಕಡಿಮೆ. ದಿನಕ್ಕೊಮ್ಮೆ 15-20 ನಿಮಿಷ ಹೇಂಟೆ ತಾನೇ ಎದ್ದು ಬರುತ್ತದೆ, ಹತ್ತಿರದಲ್ಲೇ ಕಾಳು, ನೀರು ಇರಲಿ. ಅಷ್ಟು ಹೊತ್ತಿಗೆ ಮೊಟ್ಟೆಗೆ ಏನೂ ಆಗಲ್ಲ. ಏಳದೇ ಇದ್ದರೆ ಮೆಲ್ಲಗೆ ಎತ್ತಿ ಹೊರಗೆ ಬಿಡಿ, ಆದರೆ ಮೊದಲು ರೆಕ್ಕೆ ಸಂದಿಯಲ್ಲಿ ಮೊಟ್ಟೆ ಸಿಕ್ಕಿದೆಯಾ ನೋಡಿ.

7ನೇ ದಿನ ರಾತ್ರಿ ಟಾರ್ಚ್ ಹಿಡಿದು ಒಂದೊಂದೇ ಮೊಟ್ಟೆ ನೋಡಿ. ಒಳಗೆ ಕಪ್ಪು ಚುಕ್ಕೆ, ಸುತ್ತ ಜೇಡನ ಕಾಲಿನ ಹಾಗೆ ಕೆಂಪು ನರಗಳು ಕಂಡರೆ ಮರಿ ಬೆಳೀತಿದೆ. ಪೂರ್ತಿ ತಿಳಿಯಾಗಿದ್ದರೆ ತೆಗೆದುಬಿಡಿ, ಅದು ಕೊಳೆತು ಒಡೆದರೆ ಪಕ್ಕದವೂ ಕೆಡುತ್ತವೆ.

18ನೇ ದಿನದಿಂದ ಗೂಡಿಗೆ ಕೈ ಹಾಕಲೇಬೇಡಿ. ಕಿವಿ ಕೊಟ್ಟು ಕೇಳಿ ಬೇಕಾದರೆ. ಮರಿಗಳು ಚಿಪ್ಪಿನೊಳಗಿಂದಲೇ ಚಿಂವ್ ಅನ್ನುತ್ತವೆ, ತಾಯಿ ಮೆತ್ತಗೆ ಕೊಕ್ ಕೊಕ್ ಅಂತ ಉತ್ತರ ಕೊಡುತ್ತದೆ. ನನಗೆ ಇದಕ್ಕಿಂತ ಇಷ್ಟದ ಸದ್ದು ಇಲ್ಲ. ಚಿಪ್ಪಿಗೆ ತೂತು ಬಿದ್ದ ಮೇಲೂ ಮರಿ ಹೊರಬರೋಕೆ ಒಂದು ಇಡೀ ದಿನ ಹಿಡಿಯಬಹುದು. ಒಮ್ಮೆ ನಾನು ತಾಳಲಾರದೆ ಉಗುರಿನಲ್ಲಿ ಚಿಪ್ಪು ಬಿಡಿಸಿದೆ, ರಕ್ತ ಜಿನುಗಿತು, ಮರಿ ಉಳಿಯಲಿಲ್ಲ. ಆ ಹೊತ್ತಿನಲ್ಲಿ ಮರಿ ಸುಮ್ನೆ ಕೂತಿರಲ್ಲ, ಪೊರೆಯಲ್ಲಿನ ರಕ್ತವನ್ನೂ ಉಳಿದ ಹಳದಿ ಭಾಗವನ್ನೂ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ.

ಆ ಹಳದಿಯೇ ಮರಿಗೆ ಮೊದಲ ಎರಡು ದಿನದ ಬುತ್ತಿ. ಹಾಗಾಗಿ ಮೊದಲು ಬಂದ ಮರಿ ಹಸಿದಿದೆ ಅಂತ ಗಾಬರಿಯಾಗಿ ಹೇಂಟೆಯನ್ನು ಎಬ್ಬಿಸಬೇಡಿ, ಉಳಿದವು ಬರಲಿ. ಆಮೇಲೆ ಸಣ್ಣ ನುಚ್ಚು ಹಾಕಿ, ತಾಯಿ ಕುಕ್ಕಿ ಬೀಳಿಸಿ ಕರೆದು ತೋರಿಸುತ್ತದೆ. ನೀರಿನ ತಟ್ಟೆ ಆಳ ಇರಬಾರದು, ಅದರಲ್ಲೂ ನಾಲ್ಕು ಕಲ್ಲು ಹಾಕಿಡಿ, ಮುಳುಗಿ ಸಾಯುವ ಮರಿಗಳು ಕಡಿಮೆ ಏನಲ್ಲ. ಕಾಗೆ, ಹದ್ದು, ಬೆಕ್ಕಿನ ಕಾಟ ಇರುವಲ್ಲಿ ಮೊದಲ ಕೆಲವು ವಾರ ತಾಯಿ ಮರಿ ಎರಡನ್ನೂ ಜಾಲರಿಯ ಒಳಗೇ ಬಿಡಿ. ಪುಕ್ಕ ಪೂರ್ತಿ ಬರೋಕೆ ಸುಮಾರು 6 ವಾರ ಬೇಕು, ಅಲ್ಲಿಯವರೆಗೆ ರಾತ್ರಿ ತಾಯಿಯ ರೆಕ್ಕೆ ಅಡಿಯಿಂದ ಮರಿಗಳನ್ನು ಬೇರೆ ಮಾಡಬೇಡಿ.