ನಾಲ್ಕು ನಿಮಿಷಕ್ಕೆ ನಿಲ್ಲುತ್ತಿದ್ದ ಮಲ್ಟಿಕಾಸ್ಟ್: ನಾನು ಪತ್ತೆ ಮಾಡಿದ ಬಗೆ

ಮಲ್ಟಿಕಾಸ್ಟ್, ಅಂದರೆ ಒಂದು ಗ್ರೂಪ್ ವಿಳಾಸಕ್ಕೆ ಕಳಿಸಿದ ಪ್ಯಾಕೆಟ್ಟನ್ನು ಆ ಗ್ರೂಪಿಗೆ ಸೇರಿದ ಯಂತ್ರಗಳೆಲ್ಲ ಪಡೆಯುವ ವ್ಯವಸ್ಥೆ, ಕೈಕೊಟ್ಟಿತು ಅಂದ ಕೂಡಲೇ ಹೆಚ್ಚಿನವರು ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ತೆರೆಯುತ್ತಾರೆ. ಲಿನಕ್ಸಿನಲ್ಲಿ ನಾನು ಮೊದಲು ಟೈಪ್ ಮಾಡುವುದು ‘ಐಪಿ ಮ್ಯಾಡರ್ ಶೋ’. ಪ್ಯಾಕೆಟ್ ಬರುತ್ತಿದೆಯೇ ಎಂದು ನೋಡುವ ಮೊದಲು, ಅದು ಬೇಕೆಂದು ಈ ಯಂತ್ರ ಕೇಳಿದೆಯೇ ಎಂದು ತಿಳಿಯಬೇಕಲ್ಲ. ಯಾವ ಇಂಟರ್‌ಫೇಸ್ ಯಾವ ಗ್ರೂಪಿಗೆ ಸೇರಿದೆ ಎಂಬುದು ಅಲ್ಲಿ ಕಾಣುತ್ತದೆ. ಎರಡು ನೆಟ್‌ವರ್ಕ್ ಕಾರ್ಡ್ ಇರುವ ಸರ್ವರಿನಲ್ಲಿ ಅಪ್ಲಿಕೇಶನ್ ಇಂಟರ್‌ಫೇಸ್ ಹೆಸರಿಸದೆ ಸೇರಿದರೆ, ಕರ್ನಲ್ ರೂಟಿಂಗ್ ಟೇಬಲ್ ನೋಡಿ ತಾನೇ ಒಂದನ್ನು ಆರಿಸುತ್ತದೆ. ನಾನು ಕಂಡ ಎಷ್ಟೋ ದೂರುಗಳು ಇಲ್ಲಿಗೇ ಮುಗಿದಿವೆ.

ಈ ಸಲ ಹಾಗಿರಲಿಲ್ಲ. ಗ್ರೂಪ್ ಸರಿ, ಕಾರ್ಡ್ ಸರಿ. ವಿಡಿಯೊ ಹರಿವು ಚೆನ್ನಾಗಿಯೇ ಶುರುವಾಗಿ ನಾಲ್ಕು ನಿಮಿಷ ದಾಟುತ್ತಿದ್ದಂತೆ ನಿಂತುಹೋಗುತ್ತಿತ್ತು. ಅಪ್ಲಿಕೇಶನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಇನ್ನೊಂದು ನಾಲ್ಕು ನಿಮಿಷ.

ಅಪ್ಲಿಕೇಶನ್ನನ್ನು ಪಕ್ಕಕ್ಕಿಟ್ಟು ಪರೀಕ್ಷಾ ಪ್ಯಾಕೆಟ್ ಕಳಿಸಿ ಪಡೆಯುವ ಐಪರ್ಫ್ ಹಚ್ಚಿದೆ. ಇಲ್ಲಿ 2ನೇ ಆವೃತ್ತಿಯೇ ಬೇಕು, ಐಪರ್ಫ್3ಕ್ಕೆ ಮಲ್ಟಿಕಾಸ್ಟ್ ಬರುವುದಿಲ್ಲ. ಪಡೆಯುವ ಕಡೆ 239.1.1.1ಕ್ಕೆ ಬೈಂಡ್ ಮಾಡಿ ಯುಡಿಪಿ ಸರ್ವರ್. ಕಳಿಸುವ ಕಡೆ ಟಿಟಿಎಲ್ (ಪ್ರತಿ ರೂಟರಿನಲ್ಲೂ ಒಂದೊಂದು ಇಳಿದು, ಸೊನ್ನೆಯಾದರೆ ಪ್ಯಾಕೆಟ್ ಸಾಯುವ ಎಣಿಕೆ) ಏರಿಸಿದ ಕ್ಲೈಂಟ್. ಟಿಟಿಎಲ್ ಹೇಳದಿದ್ದರೆ ಅದು 1, ಪ್ಯಾಕೆಟ್ ಒಂದು ರೂಟರನ್ನೂ ದಾಟದು. ಪರೀಕ್ಷೆಗೆ 224.0.0 ಸಾಲಿನ ವಿಳಾಸ ಹಿಡಿಯಬೇಡಿ. ಅವನ್ನು ಸ್ವಿಚ್‌ಗಳು ಸಾಮಾನ್ಯವಾಗಿ ಎಲ್ಲ ಪೋರ್ಟಿಗೂ ಸುರಿಯುತ್ತವೆ, ರೂಟರುಗಳು ಮುಂದಕ್ಕೆ ಬಿಡುವುದೇ ಇಲ್ಲ. ಅಲ್ಲಿ ಸಿಕ್ಕ ಫಲಿತಾಂಶ ಏನನ್ನೂ ಹೇಳುವುದಿಲ್ಲ. ಐಪರ್ಫ್ ಕೂಡ ಅದೇ ಹೊತ್ತಿಗೆ ಮೌನವಾಯಿತು. ಅಲ್ಲಿಗೆ ಅಪ್ಲಿಕೇಶನ್ ನಿರಪರಾಧಿ.

ಈಗ ಟಿಸಿಪಿಡಂಪ್, ಐಜಿಎಂಪಿ (ಯಂತ್ರಗಳು ಗ್ರೂಪಿಗೆ ಸೇರಿದ್ದನ್ನು ತಿಳಿಸುವ ಪ್ರೋಟೊಕಾಲ್) ಫಿಲ್ಟರ್ ಹಾಕಿ. ಸೇರುವಾಗ ಯಂತ್ರ ಕಳಿಸಿದ ರಿಪೋರ್ಟ್ 224.0.0.22ಕ್ಕೆ ಹೋದದ್ದು ಕಂಡಿತು, ಅಂದರೆ ಐಜಿಎಂಪಿ 3ನೇ ಆವೃತ್ತಿ. ಆಮೇಲೆ ಏನೂ ಇಲ್ಲ. ನಾನು ಕಾಯುತ್ತಿದ್ದದ್ದು ಎಲ್ಲ ಯಂತ್ರಗಳ ವಿಳಾಸವಾದ 224.0.0.1ಕ್ಕೆ ಬರಬೇಕಾದ ಕ್ವೆರಿಗೆ, ಅಂದರೆ ‘ಯಾವ ಗ್ರೂಪಿನಲ್ಲಿ ಯಾರಿದ್ದೀರಿ’ ಎಂಬ ವಿಚಾರಣೆಗೆ. ಕ್ವೆರಿಯ ಅಂತರ ಸಾಮಾನ್ಯವಾಗಿ 125 ಸೆಕೆಂಡ್. ಅದು ಬಂದಾಗಲೇ ಯಂತ್ರ ‘ನಾನಿನ್ನೂ ಇದ್ದೇನೆ’ ಎಂದು ಮತ್ತೆ ಹೇಳುವುದು. ಎರಡು ಕ್ವೆರಿಯ ಕಾಲಕ್ಕೆ ಉತ್ತರದ 10 ಸೆಕೆಂಡ್ ಕೂಡಿಸಿದರೆ 260. ಅಷ್ಟರಲ್ಲಿ ರಿಪೋರ್ಟ್ ಬಾರದಿದ್ದರೆ ಸ್ನೂಪಿಂಗ್ ಮಾಡುವ (ಈ ರಿಪೋರ್ಟುಗಳನ್ನು ಕದ್ದು ಕೇಳಿ, ಬೇಕಾದ ಪೋರ್ಟಿಗಷ್ಟೇ ಪ್ಯಾಕೆಟ್ ಬಿಡುವ) ಸ್ವಿಚ್ ಆ ಪೋರ್ಟನ್ನು ಗ್ರೂಪಿನಿಂದ ಅಳಿಸುತ್ತದೆ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್! ಸ್ವಿಚ್ಚಿನಲ್ಲಿ ಬೇರ್ಪಡಿಸಿದ ಆ ನೆಟ್‌ವರ್ಕಿನಲ್ಲಿ, ಅಂದರೆ ಆ ವಿಎಲ್ಯಾನ್‌ನಲ್ಲಿ ಮಲ್ಟಿಕಾಸ್ಟ್ ರೂಟರ್ ಇರಲಿಲ್ಲ, ಸ್ನೂಪಿಂಗ್ ಇತ್ತು, ಕ್ವೆರಿ ಕಳಿಸುವ ಕ್ವೆರಿಯರ್ ಇರಲಿಲ್ಲ. ಸ್ವಿಚ್‌ನಲ್ಲೇ ಕ್ವೆರಿಯರ್ ಆನ್ ಮಾಡಿದ ಮೇಲೆ ಕ್ವೆರಿ, ಹಿಂದೆಯೇ ರಿಪೋರ್ಟ್ ಕಾಣತೊಡಗಿತು, ಹರಿವು ನಿಲ್ಲಲಿಲ್ಲ. ಸ್ನೂಪಿಂಗ್ ಅನ್ನೇ ಆಫ್ ಮಾಡಿ ಎಂಬ ಸಲಹೆಯೂ ಬಂದಿತ್ತು. ಕೆಲಸವೇನೋ ಆಗುತ್ತದೆ, ಆದರೆ ಬೇಡದ ಪೋರ್ಟುಗಳಿಗೂ ಎಲ್ಲ ವಿಡಿಯೊ ಹರಿಯುತ್ತದೆ.

ಟಿಸಿಪಿಡಂಪ್ ಬಗ್ಗೆ ಒಂದು ಎಚ್ಚರ. ಅದು ಕಾರ್ಡನ್ನು ತನಗಲ್ಲದ ಪ್ಯಾಕೆಟ್ಟನ್ನೂ ಹಿಡಿಯುವ ಪ್ರಾಮಿಸ್ಕ್ಯುವಸ್ ಮೋಡ್‌ಗೆ ತರುತ್ತದೆ, ಹಾಗಾಗಿ ಕೇಳದ ಗ್ರೂಪಿನ ಪ್ಯಾಕೆಟ್ಟೂ ಕಾಣಬಹುದು. ‘ಮೈನಸ್ ಪಿ’ ಕೊಟ್ಟರೆ ಅದು ತಪ್ಪುತ್ತದೆ. ಮೇಲಾಗಿ ಅದು ನೋಡುವುದು ಫೈರ್‌ವಾಲ್‌ಗಿಂತ ಮುಂಚೆ. ಅಲ್ಲಿ ಪ್ಯಾಕೆಟ್ ಕಂಡು ಅಪ್ಲಿಕೇಶನ್‌ಗೆ ಸಿಗದಿದ್ದರೆ ನಾನು ಕರ್ನಲ್ ಎಣಿಕೆಗಳನ್ನು ತೋರಿಸುವ ‘ಎನ್‌ಸ್ಟ್ಯಾಟ್’ ನೋಡುತ್ತೇನೆ: ರಿವರ್ಸ್ ಪಾತ್ ಫಿಲ್ಟರ್ ಎಸೆದ ಪ್ಯಾಕೆಟ್ಟುಗಳ ಎಣಿಕೆ ಏರುತ್ತಿದ್ದರೆ, ಕಳಿಸುವವರ ವಿಳಾಸಕ್ಕೆ ವಾಪಸ್ ದಾರಿ ಬೇರೆ ಕಾರ್ಡಿನಲ್ಲಿದೆ, ಯುಡಿಪಿ ಬಫರ್ ದೋಷ ಏರುತ್ತಿದ್ದರೆ ಅಪ್ಲಿಕೇಶನ್ ಓದುವುದೇ ನಿಧಾನ. ಇನ್ನು 224.0.0.1ಕ್ಕೆ ಪಿಂಗ್ ಮಾಡಿ ಉತ್ತರ ಬರಲಿಲ್ಲ ಎಂದು ಕಂಗೆಡಬೇಕಿಲ್ಲ. ಲಿನಕ್ಸ್ ಅದನ್ನು ಡೀಫಾಲ್ಟಾಗಿಯೇ ಕಡೆಗಣಿಸುತ್ತದೆ.

ಪಡೆಯುವ ಯಂತ್ರ ವರ್ಚುವಲ್ ಆಗಿದ್ದರೆ ಅದರ ಹೋಸ್ಟಿನ ಲಿನಕ್ಸ್ ಬ್ರಿಡ್ಜೂ ಒಂದು ಸ್ನೂಪಿಂಗ್ ಸ್ವಿಚ್ಚೇ. ಅದರ ಗ್ರೂಪ್ ಪಟ್ಟಿ ‘ಬ್ರಿಡ್ಜ್ ಎಂಡಿಬಿ ಶೋ’ ಕಮಾಂಡಿನಲ್ಲಿ ಸಿಗುತ್ತದೆ.