ಜೇಬಿಗೊಪ್ಪುವ ಕ್ಯಾಮೆರಾವನ್ನು ನಾನು ಆರಿಸಿಕೊಂಡ ಬಗೆ

ಹೊಸ ಕ್ಯಾಮೆರಾ ಕೊಳ್ಳಬೇಕೆಂದು ನಿರ್ಧರಿಸಿದಾಗ ನಾನು ಮೊದಲು ತೆರೆದು ನೋಡಿದ್ದು ಕ್ಯಾಮೆರಾಗಳ ವಿವರಪಟ್ಟಿಯನ್ನಲ್ಲ, ನನ್ನದೇ ಹಳೆಯ ಚಿತ್ರಗಳನ್ನು. ಹಿಂದಿನ ಎರಡು ವರ್ಷಗಳಲ್ಲಿ ಪ್ರವಾಸಗಳಲ್ಲಿಯೂ ಮನೆಯಲ್ಲಿಯೂ ತೆಗೆದ ಸುಮಾರು ಆರುನೂರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ತೆರೆದು, ಯಾವುದು ಕೆಟ್ಟಿದೆ, ಏಕೆ ಕೆಟ್ಟಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಡಿಜಿಟಲ್ ಚಿತ್ರದ ಕಡತದೊಳಗೆ ಎಕ್ಸಿಫ್ ಎಂಬ ಮಾಹಿತಿ ಸೇರಿರುತ್ತದೆ. ಚಿತ್ರ ತೆಗೆದ ದಿನ ಮತ್ತು ಹೊತ್ತು, ಶಟರ್ ವೇಗ (ಬೆಳಕು ಒಳಬರುವ ಹೊತ್ತು), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆ), ಅಪರ್ಚರ್ (ಲೆನ್ಸಿನ ತೆರಪಿನ ಅಗಲ), ಲೆನ್ಸಿನ ಫೋಕಲ್ ಲೆಂತ್ (ಇದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಎಲ್ಲವೂ ಅಲ್ಲಿ ದಾಖಲಾಗಿರುತ್ತವೆ. ಎರಡು ಸಂಜೆಗಳನ್ನು ತೆಗೆದುಕೊಂಡ ಈ ಕೆಲಸ, ಅದಕ್ಕೂ ಮೊದಲು ಹಲವರಿಂದ ಕೇಳಿದ್ದ ಸಲಹೆಗಳೆಲ್ಲಕ್ಕಿಂತ ಹೆಚ್ಚು ನೆರವಾಯಿತು.

ಆಗ ನನ್ನ ಬಳಿ ಇದ್ದದ್ದು ಮೂವತ್ತು ಪಟ್ಟು ಜೂಮ್ ಇರುವ ಒಂದು ಪುಟ್ಟ ಕ್ಯಾಮೆರಾ. ಅದನ್ನು ಕೊಳ್ಳುವಾಗ ಆ ಜೂಮ್ ಒಂದನ್ನೇ ನೋಡಿ ಒಪ್ಪಿದ್ದೆ. ಆದರೆ ದಾಖಲೆ ಹೇಳಿದ್ದೇ ಬೇರೆ: ನನ್ನ ಬಹುಪಾಲು ಚಿತ್ರಗಳು 24ರಿಂದ 70 ಮಿ.ಮೀ. ಫೋಕಲ್ ಲೆಂತ್‌ನ ಒಳಗೇ ಇದ್ದವು (ಇಲ್ಲಿಯೂ ಮುಂದೆಯೂ 35 ಮಿ.ಮೀ. ಫಿಲ್ಮ್ ಕ್ಯಾಮೆರಾಕ್ಕೆ ಸಮನಾದ ಲೆಕ್ಕ), ಜೂಮನ್ನು ಕೊನೆಯವರೆಗೆ ಎಳೆದ ಚಿತ್ರಗಳು ಬೆರಳೆಣಿಕೆಯಷ್ಟು. ಕೆಟ್ಟ ಚಿತ್ರಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಸಂಜೆಯ ಬೆಳಕಿನಲ್ಲೋ ಮನೆಯೊಳಗಿನ ದೀಪದ ಬೆಳಕಿನಲ್ಲೋ ತೆಗೆದವಾಗಿದ್ದು, ಅವುಗಳ ಶಟರ್ ವೇಗ ಸೆಕೆಂಡಿನ 1/15ರಷ್ಟು ನಿಧಾನವಾಗಿತ್ತು. ಹಿಂದಿನ ಗೋಡೆ ಚೊಕ್ಕವಾಗಿ ಮೂಡಿದೆ, ಅದರ ಮುಂದೆ ನಗುತ್ತ ತಿರುಗಿದ ಅಮ್ಮನ ಮುಖ ಮಾತ್ರ ಕಲಸಿಹೋಗಿದೆ. ಕ್ಯಾಮೆರಾದಲ್ಲಿದ್ದ ಕಂಪನ ನಿರೋಧಕ ವ್ಯವಸ್ಥೆ ನನ್ನ ಕೈಯ ನಡುಕವನ್ನು ತಡೆದಿತ್ತು. ಎದುರಿಗಿರುವವರ ಚಲನೆಯನ್ನು ಅದು ತಡೆಯಲಾರದು ಎಂಬುದನ್ನು ನಾನು ಅರ್ಥ ಮಾಡಿಕೊಂಡದ್ದು ಆ ಚಿತ್ರಗಳ ಮುಂದೆ ಕುಳಿತಾಗಲೇ.

ಹಾಗಾಗಿ ನನಗೆ ಬೇಕಾದದ್ದು ಹೆಚ್ಚು ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಕ್ಯಾಮೆರಾ. ಇದಕ್ಕೆ ಎರಡು ದಾರಿಗಳಿವೆ, ಅಗಲವಾಗಿ ತೆರೆಯುವ ಲೆನ್ಸ್ ಮತ್ತು ಬೆಳಕನ್ನು ಹಿಡಿದು ಚಿತ್ರವಾಗಿಸುವ ದೊಡ್ಡ ಸೆನ್ಸರ್. ಅಗ್ಗದ ಪುಟ್ಟ ಕ್ಯಾಮೆರಾಗಳಲ್ಲಿಯೂ ಉದ್ದ ಜೂಮ್ ಇರುವ ಬಹುತೇಕ ಪುಟ್ಟ ಕ್ಯಾಮೆರಾಗಳಲ್ಲಿಯೂ ಇರುವುದು 1/2.3 ಇಂಚು ಎಂದು ಕರೆಯುವ ಸೆನ್ಸರ್. ಅದರ ಅಳತೆ ಸುಮಾರು 6.2 ಮತ್ತು 4.6 ಮಿ.ಮೀ. ಮಾತ್ರ. 1 ಇಂಚಿನ ಸೆನ್ಸರ್ ಎಂದು ಕರೆಯುವುದು 13.2 ಮತ್ತು 8.8 ಮಿ.ಮೀ. ಇದ್ದು, ವಿಸ್ತೀರ್ಣದಲ್ಲಿ ಮೊದಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ದೊಡ್ಡದು. (ಈ ಸೆನ್ಸರಿನ ಯಾವ ಬದಿಯೂ ಒಂದು ಇಂಚು ಇರುವುದಿಲ್ಲ. ಹಳೆಯ ವಿಡಿಯೊ ಕ್ಯಾಮೆರಾಗಳ ನಿರ್ವಾತ ಕೊಳವೆಗಳ ವ್ಯಾಸದಿಂದ ಬಂದ ಹೆಸರು ಇಂದಿಗೂ ಉಳಿದುಕೊಂಡಿದೆ.) ಇನ್ನು ಲೆನ್ಸಿನ ಮಾತು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಅಗಲವಾಗಿ ತೆರೆಯುತ್ತದೆ. ಎಫ್/3.5ರಿಂದ ಆರಂಭವಾಗುವ ಲೆನ್ಸಿಗೆ ಹೋಲಿಸಿದರೆ ಎಫ್/1.8 ಲೆನ್ಸ್ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕನ್ನು ಬಿಡುತ್ತದೆ. ಹಾಗಾದರೆ 1/15 ಸೆಕೆಂಡ್ ಬೇಕಾಗಿದ್ದ ಕಡೆ 1/60 ಸಾಕು. ದೊಡ್ಡ ಸೆನ್ಸರಿನ ಬಲದಿಂದ ಐಎಸ್‌ಒ ಅನ್ನು ಇನ್ನೂ ನಾಲ್ಕು ಪಟ್ಟು ಏರಿಸಿದರೂ ಚಿತ್ರ ಅಷ್ಟೇ ಸ್ವಚ್ಛವಾಗಿರುವುದರಿಂದ ವೇಗ 1/250ರ ಹತ್ತಿರ ಬರುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದ ಕ್ಷಣದಲ್ಲೇ ನನ್ನ ಆಯ್ಕೆಯ ಅರ್ಧ ಕೆಲಸ ಮುಗಿದಿತ್ತು.

ಮೆಗಾಪಿಕ್ಸೆಲ್ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. 12 ಮೆಗಾಪಿಕ್ಸೆಲ್ ಚಿತ್ರವೊಂದನ್ನು ಇಂಚಿಗೆ 300 ಚುಕ್ಕಿಗಳಂತೆ ಮುದ್ರಿಸಿದರೂ ಅದು ಸುಮಾರು 13 ಇಂಚು ಅಗಲ, 10 ಇಂಚು ಎತ್ತರದ ಹಾಳೆಯನ್ನು ತುಂಬುತ್ತದೆ. ಅದಕ್ಕಿಂತ ದೊಡ್ಡದನ್ನು ನಾನು ಎಂದೂ ಮುದ್ರಿಸಿದವನಲ್ಲ. ಡಿಜಿಟಲ್ ಜೂಮ್ ಎಂದು ಬರೆದಿರುವ ಸಂಖ್ಯೆಯನ್ನಂತೂ ಓದಲೇ ಬಾರದು. ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಕೆಲಸ ಮಾತ್ರ.

ಮೊಬೈಲ್ ಇರುವಾಗ ಕ್ಯಾಮೆರಾ ಏಕೆ ಎಂದು ಮನೆಯವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಹಲವು ಚಿತ್ರಗಳನ್ನು ಸೇರಿಸಿ ಒಂದಾಗಿಸುವ ಮೊಬೈಲಿನ ಜಾಣತನ ನಿಶ್ಚಲ ದೃಶ್ಯಗಳಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ನನಗೆ ಬೇಕಾಗಿದ್ದದ್ದು 70ರಿಂದ 100 ಮಿ.ಮೀ. ಆಸುಪಾಸಿನಲ್ಲಿ ಮನುಷ್ಯರ ಮುಖವನ್ನು ಸಹಜವಾಗಿ ತೋರಿಸುವ ನಿಜವಾದ ಜೂಮ್, ಬೆರಳಿಗೆ ಸಿಗುವ ಗುಂಡಿಗಳು, ಮತ್ತು ದಾರಿ ಹುಡುಕಲು ಬೇಕಾದ ಮೊಬೈಲಿನ ಬ್ಯಾಟರಿಯನ್ನು ಚಿತ್ರ ತೆಗೆಯುತ್ತ ಮುಗಿಸದಿರುವ ನೆಮ್ಮದಿ.

ಪಟ್ಟಿಯಲ್ಲಿ ಕೊನೆಗೆ ಐದು ಕ್ಯಾಮೆರಾಗಳು ಉಳಿದವು. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100 ಚಿಕ್ಕ ದೇಹದಲ್ಲಿ 1 ಇಂಚಿನ ಸೆನ್ಸರನ್ನು ಕೂರಿಸಿದ ಕ್ಯಾಮೆರಾ; ಅದರ ಲೆನ್ಸ್ 28 ಮಿ.ಮೀ.ನಲ್ಲಿ ಎಫ್/1.8 ಇದ್ದರೂ 100 ಮಿ.ಮೀ.ಗೆ ಹೋಗುವಷ್ಟರಲ್ಲಿ ಎಫ್/4.9ಕ್ಕೆ ಇಳಿಯುತ್ತದೆ. ಪ್ಯಾನಾಸೋನಿಕ್ ಟಿಜೆಡ್100ರಲ್ಲಿ 25ರಿಂದ 250 ಮಿ.ಮೀ.ವರೆಗಿನ ಜೂಮ್ ಜೊತೆಗೆ ಕಣ್ಣಿಗೆ ಹಿಡಿದು ನೋಡುವ ವ್ಯೂಫೈಂಡರ್ ಕೂಡ ಇದೆ, ಹಗಲಿನ ಪ್ರವಾಸಕ್ಕೆ ನಾನು ಯಾರಿಗಾದರೂ ಅದನ್ನೇ ಹೇಳುತ್ತೇನೆ. ಆದರೆ ಅದರ ಲೆನ್ಸ್ ಎಫ್/2.8ರಿಂದ ಆರಂಭವಾಗುತ್ತದೆ. ರಿಕೊ ಜಿಆರ್ 3ರ ಸೆನ್ಸರ್ ಇವೆಲ್ಲಕ್ಕಿಂತ ದೊಡ್ಡದು, ಎಪಿಎಸ್-ಸಿ ಗಾತ್ರದ್ದು, ಆದರೆ ಜೂಮ್ ಇಲ್ಲವೇ ಇಲ್ಲ. ಒಲಿಂಪಸ್ ಟಿಜಿ-6 15 ಮೀಟರ್ ಆಳದ ನೀರಿನಲ್ಲೂ ಕೆಲಸ ಮಾಡುತ್ತದೆ. ಈಜುವವರಿಗೆ, ಮಳೆಯಲ್ಲಿ ನಡೆಯುವವರಿಗೆ ಅದಕ್ಕೆ ಸಾಟಿಯಿಲ್ಲ, ಸೆನ್ಸರ್ ಮಾತ್ರ ಪುಟ್ಟದು. ಐದನೆಯದು 2016ರ ಕ್ಯಾನನ್ ಜಿ7 ಎಕ್ಸ್ ಮಾರ್ಕ್ 2. 24ರಿಂದ 100 ಮಿ.ಮೀ.ವರೆಗೆ ಎಫ್/1.8ರಿಂದ ಎಫ್/2.8ರ ನಡುವೆಯೇ ಉಳಿಯುವ ಲೆನ್ಸ್, 1 ಇಂಚಿನ ಸೆನ್ಸರ್, 319 ಗ್ರಾಂ ತೂಕ. ವ್ಯೂಫೈಂಡರ್ ಇಲ್ಲ. ನನ್ನ ನೋಟ್‌ಬುಕ್ಕಿನ ದೂರುಗಳಿಗೆ ನೇರವಾಗಿ ಉತ್ತರಿಸಿದ್ದು ಇದೊಂದೇ.

ಆದರೂ ಕೈಯಲ್ಲಿ ಹಿಡಿಯದೆ ಕೊಳ್ಳುವುದಿಲ್ಲವೆಂದು ನಿಶ್ಚಯಿಸಿದ್ದೆ. ಬಳಸಲು ಸುಲಭ ಎಂಬ ಮಾತನ್ನು ಎಲ್ಲರೂ ಗುಂಡಿಗಳು ಕಡಿಮೆ ಎಂಬ ಅರ್ಥದಲ್ಲಿ ಬಳಸುತ್ತಾರೆ. ನನ್ನ ಅನುಭವದಲ್ಲಿ ಗುಂಡಿಗಳು ತೀರ ಕಡಿಮೆಯಾದಷ್ಟೂ ಪ್ರತಿಯೊಂದು ಬದಲಾವಣೆಗೂ ಮೆನುವಿನೊಳಗೆ ಇಳಿಯಬೇಕಾಗುತ್ತದೆ, ಅಷ್ಟರಲ್ಲಿ ಎದುರಿನ ನಗು ಮುಗಿದಿರುತ್ತದೆ. ಪರಿಚಿತರೊಬ್ಬರಿಂದ ಆ ಕ್ಯಾಮೆರಾವನ್ನು ಒಂದು ದಿನಕ್ಕೆ ಪಡೆದು ಮೂರು ಪರೀಕ್ಷೆ ಮಾಡಿದೆ. ಜೇಬಿನಿಂದ ತೆಗೆದು ಮೊದಲ ಚಿತ್ರ ತೆಗೆಯಲು ಎಷ್ಟು ಹೊತ್ತಾಗುತ್ತದೆ ಎಂದು ಎಣಿಸಿದೆ. ಮೆನು ತೆರೆಯದೆ ಚಿತ್ರವನ್ನು ಬೆಳಗಿಸಲು ಅಥವಾ ಮಬ್ಬಾಗಿಸಲು ಆಗುತ್ತದೆಯೇ ಎಂದು ನೋಡಿದೆ; ಅದಕ್ಕೆಂದೇ ಮೇಲೆ ಒಂದು ಡಯಲ್ ಇತ್ತು, ಕಿಟಕಿಗೆ ಬೆನ್ನು ಮಾಡಿ ನಿಂತವರ ಮುಖ ಕಪ್ಪಾದಾಗ ಅದನ್ನು ಒಂದು ಅಂಕ ತಿರುಗಿಸಿದರೆ ಸಾಕಾಗಿತ್ತು. ಮೂರನೆಯದಾಗಿ, ಏನನ್ನೂ ವಿವರಿಸದೆ ಅಮ್ಮನ ಕೈಗೆ ಕೊಟ್ಟೆ. ಅವರು ಶಟರ್ ಗುಂಡಿಯನ್ನು ಒಂದೇ ಏಟಿಗೆ ಒತ್ತಿದರು, ಚಿತ್ರ ಫೋಕಸ್ ಆಗಲಿಲ್ಲ. ಅರ್ಧ ಒತ್ತಿ, ಹಸಿರು ಚೌಕ ಬಂದ ಮೇಲೆ ಪೂರ್ತಿ ಒತ್ತಬೇಕೆಂದು ತೋರಿಸಿಕೊಟ್ಟ ನಂತರ ಹತ್ತರಲ್ಲಿ ಒಂಬತ್ತು ಚಿತ್ರಗಳು ಸರಿಯಾಗಿ ಬಂದವು. ಹೊಸಬರಿಗೆ ನಾನು ಕಲಿಸುವ ಮೊದಲ ಪಾಠ ಇಂದಿಗೂ ಅದೇ.

ಕೊಂಡದ್ದು ಬಳಸಿದ ಕ್ಯಾಮೆರಾವನ್ನು. ಇಲ್ಲಿ ಆತುರ ಸಲ್ಲದು. ಆಫ್ ಮತ್ತು ಆನ್ ಮಾಡುತ್ತ ಲೆನ್ಸ್ ಹೊರಬಂದು ಒಳಹೋಗುವ ಸದ್ದನ್ನು ಹತ್ತಾರು ಬಾರಿ ಕೇಳಿದೆ. ಮರಳೋ ದೂಳೋ ಸೇರಿದ್ದರೆ ಕರಕರ ಎನ್ನುತ್ತದೆ ಅಥವಾ ನಡುವೆ ತಡೆಯುತ್ತದೆ. ಅಪರ್ಚರನ್ನು ಎಫ್/11ಕ್ಕೆ ಕಿರಿದಾಗಿಸಿ ಬರಿಯ ಆಕಾಶದ ಚಿತ್ರ ತೆಗೆದು, ದೊಡ್ಡದಾಗಿಸಿ ನೋಡಿದೆ, ಏಕೆಂದರೆ ಸೆನ್ಸರಿನ ಮೇಲೆ ದೂಳು ಕುಳಿತಿದ್ದರೆ ಮಸುಕಾದ ಚುಕ್ಕೆಗಳಾಗಿ ಅಲ್ಲಿ ಕಾಣಿಸುತ್ತದೆ, ಮತ್ತು ಲೆನ್ಸ್ ತೆಗೆಯಲಾಗದ ಈ ಬಗೆಯ ಕ್ಯಾಮೆರಾಗಳಲ್ಲಿ ಅದನ್ನು ಮನೆಯಲ್ಲಿ ಒರೆಸುವಂತಿಲ್ಲ. ನೇರ ಇಟ್ಟಿಗೆ ಗೋಡೆಯೊಂದರ ಚಿತ್ರ ತೆಗೆದು ನಾಲ್ಕೂ ಮೂಲೆಗಳು ಒಂದೇ ಸಮ ಸ್ಪಷ್ಟವಾಗಿವೆಯೇ ಎಂದು ನೋಡಿದೆ. ಕೆಳಗೆ ಬಿದ್ದ ಲೆನ್ಸಿನಲ್ಲಿ ಒಂದು ಬದಿ ಮಸುಕಾಗಿರುತ್ತದೆ. ಮೊದಲು ನೋಡಿದ ಒಂದನ್ನು ಈ ಗೋಡೆಯ ಪರೀಕ್ಷೆಯಲ್ಲಿಯೇ ಬೇಡವೆಂದು ಮರಳಿಸಿದ್ದೆ.

ಮನೆಗೆ ತಂದ ದಿನ ಮಾಡಿದ ಹೊಂದಿಕೆಗಳು ಕೆಲವೇ. ಡಿಜಿಟಲ್ ಜೂಮ್ ನಿಲ್ಲಿಸಿದೆ. ಐಎಸ್‌ಒ ಸ್ವಯಂಚಾಲಿತವಾಗಿಯೇ ಇರಲೆಂದು ಬಿಟ್ಟು, 3200 ದಾಟದಂತೆ ಮಿತಿ ಹಾಕಿದೆ. ದಿನನಿತ್ಯಕ್ಕೆ ಶಟರ್ ವೇಗವನ್ನೂ ಅಪರ್ಚರನ್ನೂ ಕ್ಯಾಮೆರಾವೇ ಆರಿಸುವ ಪಿ ಮೋಡ್ ಇಟ್ಟುಕೊಂಡು, ಮಕ್ಕಳು ಆಡುವಾಗ ಬೇಕಾಗುವ 1/250 ಸೆಕೆಂಡಿನ ಹೊಂದಿಕೆಯನ್ನು ಮೋಡ್ ಡಯಲಿನ ಸಿ ಸ್ಥಾನದಲ್ಲಿ ಉಳಿಸಿದೆ. ಈಗ ಒಂದು ಸ್ಥಾನದಿಂದ ಇನ್ನೊಂದಕ್ಕೆ ತಿರುಗಿಸುವುದಷ್ಟೇ ಕೆಲಸ. ಗಡಿಯಾರವನ್ನು ಮೊಬೈಲಿನ ಗಡಿಯಾರಕ್ಕೆ ಸೆಕೆಂಡಿನವರೆಗೂ ಹೊಂದಿಸಿದ್ದರಿಂದ, ಪ್ರವಾಸ ಮುಗಿಸಿ ಬಂದ ಮೇಲೆ ಎರಡರ ಚಿತ್ರಗಳನ್ನೂ ಒಂದೇ ಸಾಲಿನಲ್ಲಿ ಜೋಡಿಸುವುದು ಸುಲಭವಾಯಿತು.

ಬ್ಯಾಟರಿಯೇ ಇಂಥ ಪುಟ್ಟ ಕ್ಯಾಮೆರಾಗಳ ದುರ್ಬಲ ಅಂಗ. ಸಿಐಪಿಎ ಎಂಬ ತಯಾರಕರ ಸಂಘದ ಅಳತೆಯಂತೆ ಈ ಕ್ಯಾಮೆರಾ ಒಂದು ಚಾರ್ಜಿಗೆ 265 ಚಿತ್ರಗಳನ್ನು ತೆಗೆಯುತ್ತದೆ, ಪ್ರವಾಸದ ಒಂದು ತುಂಬು ದಿನಕ್ಕೆ ಅದು ಸಾಲದು. ಎರಡನೆಯ ಬ್ಯಾಟರಿಯನ್ನು ಅದರ ಪ್ಲಾಸ್ಟಿಕ್ ಮುಚ್ಚಳದೊಂದಿಗೆ ಕೈಚೀಲದಲ್ಲಿಯೇ ಇಟ್ಟುಕೊಳ್ಳುತ್ತೇನೆ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ವಿಮಾನದ ಸರಕು ವಿಭಾಗಕ್ಕೆ ಹೋಗುವ ಸಾಮಾನಿನಲ್ಲಿ ಇಡುವಂತಿಲ್ಲ. ಒಂದೇ ದೊಡ್ಡ ಕಾರ್ಡಿನ ಬದಲು ಎರಡು ಸಣ್ಣ ಕಾರ್ಡುಗಳನ್ನು ಒಯ್ಯುತ್ತೇನೆ. ಸಮುದ್ರ ತೀರದಲ್ಲಿ ಕ್ಯಾಮೆರಾವನ್ನು ಬರಿಯ ಜೇಬಿಗೆ ಹಾಕುವುದನ್ನು ಪೂರ್ತಿಯಾಗಿ ಬಿಟ್ಟಿದ್ದೇನೆ, ಹಿಂದಿನ ಕ್ಯಾಮೆರಾದ ಲೆನ್ಸ್ ಒಂದು ಮಧ್ಯಾಹ್ನ ಅರ್ಧಕ್ಕೆ ಸಿಕ್ಕಿಹಾಕಿಕೊಂಡದ್ದು ಜೇಬಿನ ಮೂಲೆಯಲ್ಲಿದ್ದ ಮರಳಿನಿಂದಲೇ.

ಮೂರು ತಿಂಗಳ ನಂತರ ಅದೇ ನೋಟ್‌ಬುಕ್ ತೆರೆದು ಹೊಸ ಚಿತ್ರಗಳನ್ನೂ ಹಾಗೆಯೇ ಪರಿಶೀಲಿಸಿದೆ. ಮನೆಯೊಳಗೆ ಕಲಸಿಹೋದ ಮುಖಗಳು ತೀರ ಕಡಿಮೆಯಾಗಿದ್ದವು. ದೂರದ ಹಕ್ಕಿಗಳು ಮಾತ್ರ ಚುಕ್ಕೆಗಳಾಗಿಯೇ ಉಳಿದಿದ್ದವು; 100 ಮಿ.ಮೀ.ಗೆ ಅವು ಸಿಗಲಾರವೆಂದು ಗೊತ್ತಿದ್ದೇ ಒಪ್ಪಿಕೊಂಡ ನಷ್ಟವದು. ಹೊಸದಾಗಿ ಕಂಡ ದೋಷ ಬೇರೆಯೇ: ಎಫ್/1.8ರಲ್ಲಿ ತೀರ ಹತ್ತಿರದಿಂದ ತೆಗೆದ ಗುಂಪಿನ ಚಿತ್ರಗಳಲ್ಲಿ ಮುಂದೆ ಕುಳಿತವರು ಸ್ಪಷ್ಟವಾಗಿದ್ದು, ಹಿಂದಿನ ಸಾಲಿನವರು ಮಸುಕಾಗಿದ್ದರು. ಅಂದಿನಿಂದ ಎರಡು ಸಾಲಿನಲ್ಲಿ ಜನ ನಿಂತರೆ ಮೋಡ್ ಡಯಲನ್ನು ಅಪರ್ಚರನ್ನು ನಾವೇ ಆರಿಸುವ ಎವಿಗೆ ತಿರುಗಿಸಿ, ತೆರಪನ್ನು ಎಫ್/4ಕ್ಕೆ ಕಿರಿದಾಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ಚಿತ್ರ ತೆಗೆಯುತ್ತಿದ್ದೇನೆ.